ಪತ್ರಿಕೆಯವರ ಕಾಯಂ ಬಸುರಿ

ಆಕೆಯನ್ನು ಬೀದಿಯವರೆಲ್ಲ ಕನ್ನಡಕದಕ್ಕ ಎಂದೇ ಕರೆಯುತ್ತಿದ್ದರು. ಬಸ್ ನಿಲ್ದಾಣದ ಎದುರಿನ ಕನ್ನಡಕದ ಅಂಗಡಿಯಲ್ಲಿ ಆಕೆಗೆ ಕೆಲಸ. ಮುಂದಿನ ಕೋಣೆಯಲ್ಲಿ ಗೋಡೆಯುದ್ದಕ್ಕೂ ಕನ್ನಡಿ, ಅದರ ಮುಂದೆ ಸಾಲು ಸಾಲು ಫ್ರೇಮು. ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರ, ಅದರ ಮೇಲೆ ಸದಾ ತೊಟ್ಟಿಕ್ಕುವ ನೀರಿನ ನಳಿಗೆ, ಪಕ್ಕದಲ್ಲಿ ಬಿಸಿ ಮರಳಿನ ಪುಟ್ಟ ತಟ್ಟೆ. ಯಾರ ಕಿವಿ ಒಂದು ಮೇಲೆ ಒಂದು ಕೆಳಗಿದ್ದರೂ, ಯಾರ ಮೂಗು ಎಡಕ್ಕೆ ವಾಲಿದ್ದರೂ, ಆಕೆ ಫ್ರೇಮಿನ ಕಡ್ಡಿಯನ್ನು ಆ ಮರಳಿನಲ್ಲಿ ಹೂತು, ಮೆತ್ತಗಾದ ಮೇಲೆ ಒಂಚೂರು ಬಗ್ಗಿಸಿ, ಕನ್ನಡಕ ಮುಖದ ಮೇಲೆ ನೆಟ್ಟಗೆ ಕೂರುವಂತೆ ಮಾಡುತ್ತಿದ್ದಳು. ಈ ಕೆಲಸಕ್ಕೆ ಎದುರಿನವರ ಮುಖದಿಂದ ಗೇಣು ದೂರದಲ್ಲಿ ತನ್ನ ಮುಖ ಇಡಬೇಕು. ಹೀಗಾಗಿ ಅರ್ಧ ಊರಿನ ಮೂಗು ಆಕೆಗೆ ಗೊತ್ತಿತ್ತು, ಅರ್ಧ ಊರಿಗೆ ಆಕೆಯ ಮುಖ ಗೊತ್ತಿತ್ತು. ಮುಂದೆ ಆದ ಪೇಚಾಟಕ್ಕೆಲ್ಲ ಇದೇ ಮೂಲ.

ಮನೆಯಲ್ಲಿ ಗಂಡ, ಅತ್ತೆ. ಗಂಡ ಲಿಫ್ಟ್ ರಿಪೇರಿಯವನು. ಮಾತನ್ನು ಬಿಡಿಭಾಗದ ಹಾಗೆ, ತೀರಾ ಬೇಕಾದಾಗ ಮಾತ್ರ, ಒಂದೊಂದೇ ಹೊರತೆಗೆಯುವ ಮನುಷ್ಯ. ಅವನ ಪಾಲಿನ ಮಾತನ್ನೂ ಸೇರಿಸಿ ಆಡುವವರು ಅತ್ತೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದು ನಿವೃತ್ತರಾದವರು. ಪಕ್ಕದ ಕೋಣೆಯಲ್ಲಿದ್ದವರೊಂದಿಗೂ ಸಮುದ್ರದಾಚೆ ಇದ್ದವರೊಂದಿಗೆ ಮಾತಾಡುವಷ್ಟೇ ಗಟ್ಟಿಯಾಗಿ ಮಾತಾಡುವರು. ಕಿವಿಯಿಂದ ಕೇಳಿದ್ದನ್ನು ಅವರು ನಂಬುತ್ತಿರಲಿಲ್ಲ, ಅದೆಲ್ಲ ಕೆಲಸದಲ್ಲಿ ಕೇಳಿ ಕೇಳಿ ಸಾಕಾಗಿತ್ತು. ಅಚ್ಚಾಗಿದ್ದನ್ನು ಮಾತ್ರ ಕಣ್ಣುಮುಚ್ಚಿ ನಂಬುತ್ತಿದ್ದರು.

ಕನ್ನಡಕದಕ್ಕನ ಮೊದಲ ಬಸುರಿನಲ್ಲಿ, ಹೊಟ್ಟೆ ಚೆನ್ನಾಗಿ ಎದ್ದು ಕಾಣುತ್ತಿದ್ದ ದಿನಗಳಲ್ಲಿ, ಮೈದುನ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತ. ಟೈರ್ ಅಂಗಡಿಯ ಮಹಡಿಯ ಮೇಲೆ ಅವನದೊಂದು ಫೋಟೋ ಸ್ಟುಡಿಯೋ. ಗುರುತಿನ ಚೀಟಿಗೆ ಬೇಕಾದ ಸಪ್ಪೆ ಮುಖಗಳ ಫೋಟೋ ತೆಗೆಯುವುದರಲ್ಲೇ ಆಯಸ್ಸು ಸವೆದುಹೋಗುತ್ತಿದೆ ಎಂಬ ಕೊರಗು ಅವನಿಗೆ.

“ಅತ್ತಿಗೆ, ಒಂದು ಉಪಕಾರ ಆಗ್ಬೇಕಲ್ಲ. ಹೊಸ ಲೈಟ್ ತಂದಿದ್ದೀನಿ. ನೀವು ಒಂದರ್ಧ ದಿನ ಬಂದು ನಿಂತ್ಕೊಂಡ್ರೆ ಸಾಕು. ಫೋಟೋ ಏಜೆನ್ಸಿಯವರು ಬಸುರಿಯರ ಫೋಟೋ ಕೇಳ್ತಿದ್ದಾರೆ.”

“ಬಸುರಿ ಫೋಟೋ ಯಾರಿಗಪ್ಪಾ ಬೇಕು?”

“ಔಷಧಿ ಡಬ್ಬಿ ಮೇಲೆ ಹಾಕ್ತಾರೆ, ಕ್ಯಾಲೆಂಡರ್ ಮೇಲೆ ಹಾಕ್ತಾರೆ. ಯಾರೂ ನೋಡಲ್ಲ ಬಿಡಿ.”

ಆಕೆ ಹೋದಳು. ಮೈದುನ ಒಂದು ಮೇಜಿನ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಹರಡಿದ್ದ: ಟೀ ಕಪ್ಪು, ಬೇಯಿಸಿದ ಮೊಟ್ಟೆ, ಹಣ್ಣಿನ ಬುಟ್ಟಿ, ಮೀನಿನ ಡಬ್ಬಿ, ಮೊಬೈಲು, ಲಿಪ್‌ಸ್ಟಿಕ್ಕು, ತನ್ನದೇ ಕನ್ನಡಕ. ಅವುಗಳ ಪಕ್ಕದಲ್ಲಿ ಆಕೆಯನ್ನು ನಿಲ್ಲಿಸಿ ಫೋಟೋ ತೆಗೆಯತೊಡಗಿದ. ತೆಗೆದ ಫೋಟೋಗಳಲ್ಲೆಲ್ಲ ಆಕೆ ನಗುತ್ತಿದ್ದಳು. ಆಕೆಯ ಮುಖವೇ ಅಂಥದ್ದು, ಯಾರಾದರೂ ಗಂಭೀರವಾಗಿರು ಎಂದರೆ ಮೊದಲು ತುಟಿಯ ತುದಿ ನಡುಗಿ ಆಮೇಲೆ ಇಡೀ ಮೈ ಕುಲುಕುತ್ತಿತ್ತು.

“ಅತ್ತಿಗೆ, ಒಂದಾದ್ರೂ ಚಿಂತೆ ಮಾಡೋ ಫೋಟೋ ಬೇಕು. ಏನಾದ್ರೂ ದುಃಖದ ವಿಷಯ ನೆನಪಿಸ್ಕೊಳ್ಳಿ.”

“ನೆನಪಿಸ್ಕೋತೀನಿ ಕಣೋ, ನೀನು ಆ ಕಡೆ ತಿರುಗು. ನಿನ್ನ ಮುಖ ನೋಡಿದ್ರೆ ಬಂದ ದುಃಖಾನೂ ಓಡಿಹೋಗುತ್ತೆ.”

ಹೀಗೆ ನಗುತ್ತಿದ್ದವಳಿಗೆ ಇದ್ದಕ್ಕಿದ್ದಂತೆ ಬಲಗಾಲಿನ ಮೀನಖಂಡ ಹಿಡಿದುಕೊಂಡಿತು. ಒಂದು ಕೈ ಹೊಟ್ಟೆಯ ಮೇಲೆ ಹೋಯಿತು, ಇನ್ನೊಂದು ಮೇಜನ್ನು ಹಿಡಿಯಿತು. ಕಣ್ಣುಗುಡ್ಡೆ ಹೊರಬರುವಂತಾಯಿತು, ಬಾಯಿ ಅರ್ಧ ತೆರೆಯಿತು. ಮೈದುನ ಆ ಕ್ಷಣವನ್ನು ಬಿಡಲಿಲ್ಲ.

“ಅದ್ಭುತ! ಹಾಗೇ ಇರಿ ಅತ್ತಿಗೆ, ಹಾಗೇ ಇರಿ!”

“ಹಾಗೇ ಇರೋದಾ? ಕಾಲು ಹಿಡ್ಕೊಂಡಿದೆ, ಬಂದು ಉಜ್ಜೋ ಪುಣ್ಯಾತ್ಮ!”

ಅಷ್ಟೇ ಆದದ್ದು. ಕಾಲು ಸರಿಹೋಯಿತು, ಮೇಜಿನ ಮೇಲಿದ್ದ ಮೊಟ್ಟೆಯನ್ನು ಆಕೆಯೇ ತಿಂದು ಮನೆಗೆ ಬಂದಳು. ಮುಂದೆ ದಿನ ತುಂಬಿ ಹೆಣ್ಣು ಮಗು ಹುಟ್ಟಿತು. ಗುಂಡಗಿದ್ದ ಮಗು, ಅಜ್ಜಿಯ ಗಂಟಲನ್ನೇ ಪಡೆದುಕೊಂಡು ಬಂದಿತ್ತು.

ಮಗು ಅಂಬೆಗಾಲಿಡುವ ಹೊತ್ತಿಗೆ ಆಕೆ ಕೆಲಸಕ್ಕೆ ಮರಳಿದಳು. ಹತ್ತಿರದ ದೃಷ್ಟಿಯ ಕನ್ನಡಕ ಮಾಡಿಸಿದವರಿಗೆ ಅಂಗಡಿಯಲ್ಲಿ ಅಂದಿನ ಪತ್ರಿಕೆ ಕೊಟ್ಟು ಓದಿಸಿ ನೋಡುವುದು ವಾಡಿಕೆ. ಒಂದು ಬೆಳಿಗ್ಗೆ ನಿವೃತ್ತ ಹೆಡ್ ಮೇಷ್ಟ್ರೊಬ್ಬರು ಹೊಸ ಕನ್ನಡಕ ಏರಿಸಿ ಪತ್ರಿಕೆ ಬಿಡಿಸಿದರು. ಗಟ್ಟಿಯಾಗಿ ಓದಿದರು.

“‘ಗರ್ಭಿಣಿಯರೇ ಎಚ್ಚರ! ನಿಮ್ಮ ಕೈಯಲ್ಲಿರುವುದು ಟೀ ಅಲ್ಲ, ವಿಷ!’ ಬಹಳ ಸ್ಪಷ್ಟವಾಗಿ ಕಾಣ್ತಿದೆಯಮ್ಮಾ.” ಪತ್ರಿಕೆಯನ್ನೊಮ್ಮೆ ನೋಡಿದರು, ತಲೆಯೆತ್ತಿ ಆಕೆಯನ್ನು ನೋಡಿದರು, ಮತ್ತೆ ಪತ್ರಿಕೆ ನೋಡಿದರು. “ಇದು ನೀವೇ ಅಲ್ವಾ?”

ಆಕೆ ಬಗ್ಗಿ ನೋಡಿದಳು. ಹೊಟ್ಟೆ ಹಿಡಿದುಕೊಂಡು ಬಾಯಿಬಿಟ್ಟು ನಿಂತಿದ್ದಾಳೆ. ಟೀ ಕಪ್ಪಿನ ಸುತ್ತ ದಪ್ಪನೆಯ ಕೆಂಪು ವೃತ್ತ.

“ನಾನೇ ಸಾರ್.”

ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಆಮೇಲೆ… ಏನಾಯ್ತಮ್ಮಾ?”

“ಹೆಣ್ಣು ಮಗು ಆಯ್ತು ಸಾರ್. ಎರಡು ಹಲ್ಲು ಬಂದಿದೆ.”

ಅವರು ನಂಬಿದಂತೆ ಕಾಣಲಿಲ್ಲ. ಧೈರ್ಯಸ್ಥ ಹೆಂಗಸು, ನೋವನ್ನು ನುಂಗಿಕೊಂಡು ಮಾತಾಡುತ್ತಿದ್ದಾಳೆ ಎಂದುಕೊಂಡು ಮೆಲ್ಲನೆ ತಲೆಯಾಡಿಸುತ್ತ ಹೊರಟುಹೋದರು.

ಅಲ್ಲಿಂದ ಶುರುವಾಯಿತು ನೋಡಿ. ಮುಂದಿನ ಭಾನುವಾರ ಮೊಟ್ಟೆಯ ಸುತ್ತ ಕೆಂಪು ವೃತ್ತ ಬಿತ್ತು: ಮೊಟ್ಟೆ ತಿಂದರೆ ಅಪಾಯ. ಸ್ವಲ್ಪ ದಿನಕ್ಕೆ ಅದೇ ಮೊಟ್ಟೆ, ಅದೇ ವೃತ್ತ: ಮೊಟ್ಟೆ ತಿನ್ನದಿದ್ದರೆ ಅಪಾಯ. ಮೊಬೈಲಿನಿಂದ ಅಪಾಯ, ಮೀನಿನಿಂದ ಅಪಾಯ, ಹಣ್ಣನ್ನು ಹೊತ್ತಲ್ಲದ ಹೊತ್ತಿನಲ್ಲಿ ತಿಂದರೆ ಅಪಾಯ. ಟೀವಿಯವರಂತೂ ಹಿಂದಿನಿಂದ ಢಂ ಢಂ ಎಂದು ಸದ್ದು ಹಾಕಿ, ಆಕೆಯ ಮುಖವನ್ನು ಹತ್ತಿರಕ್ಕೆ ತಂದು, ದೂರಕ್ಕೆ ಒಯ್ದು, ಮತ್ತೆ ಹತ್ತಿರಕ್ಕೆ ತಂದು ತೋರಿಸಿದರು. ಮೇಜಿನ ಮೇಲಿನ ಸಾಮಾನು ಮುಗಿದ ಮೇಲೆ ಆಕೆ ನಿಂತದ್ದೇ ತಪ್ಪಾಯಿತು: ಹೆಚ್ಚು ಹೊತ್ತು ನಿಂತರೆ ಅಪಾಯ. ಅದಾದ ಮೇಲೆ ಬಾಯಿ ತೆರೆದದ್ದು.

ಮಗಳು ನಡೆಯಲು ಕಲಿತಳು, ಮಾತು ಕಲಿತಳು. ತಾಯಿ ಮಾತ್ರ ಪತ್ರಿಕೆಯಲ್ಲಿ ಇನ್ನೂ ಬಸುರಿಯಾಗೇ ಇದ್ದಳು. ಬೆಳಗಿನ ಬಸ್ಸಿನ ಕಂಡಕ್ಟರ್ ಆಕೆಯನ್ನು ಕಂಡೊಡನೆ ಯಾರನ್ನಾದರೂ ಎಬ್ಬಿಸಿ ಸೀಟು ಕೊಡಿಸುತ್ತಿದ್ದ.

“ಬೇಡಪ್ಪಾ, ನಾನು ಬಸುರಿ ಅಲ್ಲ.”

“ಇರ್ಲಿ ಕೂತ್ಕೊಳ್ಳಕ್ಕಾ. ನಿನ್ನೆ ತಾನೇ ಟೀವಿಲಿ ನೋಡಿದೆ. ಹೆಚ್ಚು ಹೊತ್ತು ನಿಲ್ಬಾರ್ದಂತೆ ನೀವು.”

ಮಗಳನ್ನು ಶಾಲೆಗೆ ಸೇರಿಸಿದ ಮೇಲೆ ಟೀಚರ್ ಒಮ್ಮೆ ಆಕೆಯನ್ನು ಪಕ್ಕಕ್ಕೆ ಕರೆದರು. “ಮಗು ತುಂಬಾ ಚುರುಕಾಗಿದೆ. ನಿಜ ಹೇಳ್ಬೇಕು ಅಂದ್ರೆ ನಮಗೆ ಆಶ್ಚರ್ಯ.”

“ಯಾಕೆ ಮಿಸ್, ಆಶ್ಚರ್ಯ ಯಾಕೆ?”

ಟೀಚರ್ ನಾಲಿಗೆ ಕಚ್ಚಿಕೊಂಡರು. “ಏನಿಲ್ಲ… ನೀವು ಆ ಲಿಪ್‌ಸ್ಟಿಕ್ ಹಚ್ಚೋದನ್ನ ಆಗ್ಲೇ ನಿಲ್ಲಿಸಿಬಿಟ್ರಿ ಅಂತ ಕಾಣುತ್ತೆ.”

ಇದನ್ನೆಲ್ಲ ಆಕೆ ಮನೆಗೆ ಬಂದು ನಟಿಸಿ ತೋರಿಸಿ ನಗುತ್ತಿದ್ದಳು. ಗಂಡ ಮೀಸೆಯಡಿ ನಗುತ್ತಿದ್ದ. ನಗದಿದ್ದವರು ಅತ್ತೆ ಒಬ್ಬರೇ. ದೂರದ ನೆಂಟರೆಲ್ಲ ಫೋನ್ ಮಾಡಿ “ನಿಮ್ಮ ಸೊಸೆಗೆ ಏನಾಯ್ತಂತೆ?” ಎಂದು ವಿಚಾರಿಸುತ್ತಿದ್ದರು. ಉತ್ತರ ಹೇಳಿ ಹೇಳಿ ಅತ್ತೆಗೂ ಒಳಗೊಳಗೇ ಹುಳ ಕೊರೆಯತೊಡಗಿತು.

“ನೀನು ಆಗ ದಿನಕ್ಕೆ ಎಷ್ಟು ಸಲ ಟೀ ಕುಡೀತಿದ್ದೆ?”

“ನೀವೇ ಮಾಡಿ ಕೊಡ್ತಿದ್ರಲ್ಲ ಅತ್ತೆ.”

“ಹಾಗಾದ್ರೆ ತಪ್ಪೆಲ್ಲ ನಂದೇ ಅನ್ನು!”

“ಯಾವ ತಪ್ಪು? ಮಗು ಚೆನ್ನಾಗೇ ಇದೆಯಲ್ಲ.”

“ಚೆನ್ನಾಗಿದೆ, ಇಲ್ಲ ಅಂದೋರ್ಯಾರು? ಆದ್ರೂ ಪೇಪರ್‌ನೋರು ಸುಮ್‌ಸುಮ್ನೆ ಹಾಕ್ತಾರಾ? ಅದೂ ಫೋಟೋ ಸಮೇತ? ಅದೂ ನಿನ್ನ ಫೋಟೋನೇ?” ಎಂದು, ಅಂಗಳದಲ್ಲಿ ಹಗ್ಗ ಜಿಗಿಯುತ್ತಿದ್ದ ಮೊಮ್ಮಗಳನ್ನು ಅನುಮಾನದಿಂದ ದಿಟ್ಟಿಸುತ್ತಿದ್ದರು.

ಹೀಗೇ ನಗುತ್ತ ಇದ್ದುಬಿಡುತ್ತಿದ್ದಳೋ ಏನೋ. ಒಂದು ಮಧ್ಯಾಹ್ನ ಅಂಗಡಿಯ ಗಾಜಿನ ಬಾಗಿಲಿಗೆ ಯಾರೋ ಧಡ್ಡನೆ ಬಂದು ಗುದ್ದಿಕೊಂಡರು. ಅಂಗಡಿಯ ಯಜಮಾನರು ಗಾಜಿಗೆ ಏನಾಯಿತೆಂದು ಓಡಿದರು, ಕನ್ನಡಕದಕ್ಕ ಗುದ್ದಿಕೊಂಡವಳಿಗೆ ಏನಾಯಿತೆಂದು ಓಡಿದಳು. ಚಿಕ್ಕ ವಯಸ್ಸಿನ ಹೆಂಗಸು. ಹಣೆ ಉಜ್ಜಿಕೊಳ್ಳುತ್ತಿದ್ದಾಳೆ, ತುಂಬು ಬಸುರಿ.

ಶರಟು ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಾಕುವ ಕೆಲಸ ಅವಳದು. ಚಿಕ್ಕಂದಿನಿಂದ ದಪ್ಪ ಗಾಜಿನ ಕನ್ನಡಕ. ಅದನ್ನು ಹಾಕದೆ ವಾರಗಳೇ ಆಗಿದ್ದವು. ಬೆಳಿಗ್ಗೆ ಒಂದು ಕಟ್ಟು ಶರಟಿಗೆ ಮುಂದೆ ಹಾಕಬೇಕಾದ ಗುಂಡಿಗಳನ್ನೆಲ್ಲ ಬೆನ್ನಿಗೆ ಹಾಕಿ ಕೂತಿದ್ದಳಂತೆ. ಮೇಲ್ವಿಚಾರಕಿ ನೋಡಿ ತಲೆ ಮೇಲೆ ಕೈ ಹೊತ್ತು, ಕನ್ನಡಕ ಹಾಕಿಕೊಂಡೇ ಬಾ ಎಂದು ಕಳಿಸಿದ್ದಳು.

“ಗಾಜಿಗೆ ಮೇಲೇನೋ ಲೇಪ ಹಚ್ತಾರಲ್ಲ, ಹೊಳಪು ಬರ್ದೇ ಇರೋಕೆ… ಅದು ಇಲ್ದೇ ಇರೋ ಕನ್ನಡಕ ಸಿಗುತ್ತಾ?” ಎಂದಳು ಹುಡುಗಿ. “ಲೇಪದಿಂದ ಮಗೂಗೆ ತೊಂದ್ರೆಯಂತೆ. ಹೋದ ತಿಂಗಳು ಭಾನುವಾರದ ಪೇಪರ್‌ನಲ್ಲಿ ಬಂದಿತ್ತು.”

“ಕೂತ್ಕೋ, ಮೊದ್ಲು ಹಣೆ ತೋರ್ಸು” ಎಂದು ಕನ್ನಡಕದಕ್ಕ ಮುಖ ಹತ್ತಿರಕ್ಕೆ ತಂದಳು. ಹುಡುಗಿ ಕಣ್ಣು ಕಿರಿದು ಮಾಡಿ ನೋಡಿದಳು. ಹಾವು ತುಳಿದವಳ ಹಾಗೆ ಹಿಂದಕ್ಕೆ ಜಿಗಿದಳು.

“ಅಕ್ಕಾ… ನೀವು ಬದುಕಿದ್ದೀರಾ?”

ಕನ್ನಡಕದಕ್ಕನಿಗೆ ಫಕ್ಕನೆ ನಗು ಬಂತು. ಹುಡುಗಿಯ ಕಣ್ಣಲ್ಲಿ ಬಳಬಳ ನೀರಿಳಿಯುವುದನ್ನು ಕಂಡು ನಗು ಬಿಟ್ಟು ಅವಳನ್ನು ಕುರ್ಚಿಯಲ್ಲಿ ಕೂರಿಸಿದಳು. ಹುಡುಗಿ ಒಂದೊಂದಾಗಿ ಹೇಳಿಕೊಂಡಳು. ಮೊದಲು ಟೀ ಬಿಟ್ಟಳು, ಆಮೇಲೆ ಮೊಟ್ಟೆ, ಮೀನು, ಹಣ್ಣು. ಮೊಬೈಲನ್ನು ಮೇಜಿನ ಮೇಲಿಟ್ಟು ಕೋಣೆಯ ಇನ್ನೊಂದು ಮೂಲೆಯಿಂದ ತಾಯಿಯೊಂದಿಗೆ ಕೂಗಿ ಮಾತಾಡುತ್ತಾಳೆ. ಈಗ ಉಳಿದಿರುವುದು ಬಿಸ್ಕತ್ತು, ಕಾಯಿಸಿದ ನೀರು. ಬಿಸ್ಕತ್ತಿನ ಬಗ್ಗೆ ಪತ್ರಿಕೆಯವರು ಇನ್ನೂ ಏನೂ ಹೇಳಿಲ್ಲ. ಪ್ರತಿಯೊಂದನ್ನು ಬಿಡುವಾಗಲೂ ಕಣ್ಣ ಮುಂದೆ ಬರುತ್ತಿದ್ದುದು ಹೊಟ್ಟೆ ಹಿಡಿದುಕೊಂಡು ಕಿರುಚುತ್ತಿರುವ ಈ ಅಕ್ಕನ ಮುಖ.

“ಅಯ್ಯೋ ಹುಚ್ಚಿ, ಅದು ಕಾಲು ಹಿಡ್ಕೊಂಡಿದ್ದು ಕಣೇ. ಮೀನಖಂಡ! ನಾನು ಟೀ ಕುಡಿದೆ, ಮೊಟ್ಟೆ ತಿಂದೆ, ಕನ್ನಡಕದ ಅಂಗಡಿಲೇ ದುಡಿದೆ. ನನ್ನ ಮಗಳು ನಿನ್ನೆ ತಾನೇ ಪಕ್ಕದ್ಮನೆ ಕಿಟಕಿ ಗಾಜು ಒಡೆದಿದ್ದಾಳೆ, ಅಷ್ಟು ಗಟ್ಟಿ.”

ಹುಡುಗಿಯ ಮುಖ ಒಮ್ಮೆಲೇ ಅರಳಿತು. “ಹೌದಾ ಅಕ್ಕಾ? ಹಾಗಾದ್ರೆ ಎಲ್ಲಾ ಸುಳ್ಳು! ಡಾಕ್ಟ್ರು ಅದೇನೋ ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ, ವಾಕರಿಕೆ ಬರುತ್ತೆ. ಇವತ್ತಿಂದ ಅದನ್ನೂ ಎಸೆದುಬಿಡ್ತೀನಿ!”

ಕನ್ನಡಕದಕ್ಕ ಬೆಚ್ಚಿದಳು. ತನ್ನ ಮುಖ ನೋಡಿ ಹೆದರಿದವಳು ಈಗ ತನ್ನ ಮಾತು ಕೇಳಿ ಮಾತ್ರೆ ಬಿಡಲು ಹೊರಟಿದ್ದಾಳೆ. “ಏ, ತಡಿ ತಡಿ! ನನಗೆ ಗೊತ್ತಿರೋದು ಕನ್ನಡಕ ಒಂದೇ ಕಣಮ್ಮಾ. ನಂದು ಚೆನ್ನಾಗಾಯ್ತು ಅಂದ್ರೆ ಅದು ನನ್ನ ಅದೃಷ್ಟನೂ ಇರ್ಬಹುದು. ನಡಿ ನನ್ ಜೊತೆ” ಎಂದು ಕೈ ಹಿಡಿದು, ಹಿಂದಿನ ಗಲ್ಲಿಯಲ್ಲಿದ್ದ ಹೆರಿಗೆ ಡಾಕ್ಟರ ಕ್ಲಿನಿಕ್ಕಿಗೆ ಎಳೆದುಕೊಂಡೇ ಹೋದಳು.

ಡಾಕ್ಟರಮ್ಮ ಕುಳ್ಳಗಿನ, ಸಿಡುಕಿನ ಹೆಂಗಸು. ಹುಡುಗಿಯ ಬಿಸ್ಕತ್ತಿನ ಕಥೆ ಕೇಳಿ ಪೆನ್ನು ಕೆಳಗಿಟ್ಟರು. ಊಟ ಸರಿಯಾಗಿ ಮಾಡು, ಮೊಟ್ಟೆ ಮೀನು ಚೆನ್ನಾಗಿ ಬೇಯಿಸಿ ತಿನ್ನು, ಟೀ ಮಿತವಾಗಿ ಕುಡಿ, ಮಾತ್ರೆ ಬಿಡಬೇಡ, ವಾಕರಿಕೆ ಬಂದರೆ ಬೇರೆ ಮಾತ್ರೆ ಬರೆದುಕೊಡುತ್ತೇನೆ, ರಕ್ತ ಕಂಡರೆ ಅಥವಾ ತಲೆನೋವು ಜೋರಾದರೆ ತಕ್ಷಣ ಬಾ ಎಂದರು. ಕನ್ನಡಕ ಈಗಿಂದೀಗಲೇ ಹಾಕಿಕೋ, ಗುದ್ದಿಕೊಂಡು ಬೀಳುವುದು ಲೇಪಕ್ಕಿಂತ ದೊಡ್ಡ ಅಪಾಯ ಎಂದೂ ಗದರಿದರು. ಆಮೇಲೆ ಕನ್ನಡಕದಕ್ಕನತ್ತ ತಿರುಗಿದರು.

“ನೀವೇ ಅಲ್ವಾ ಅದು? ನಿಮ್ಮಿಂದ ನನಗೆಷ್ಟು ಕಾಟ ಗೊತ್ತೇನ್ರೀ? ಭಾನುವಾರ ನಿಮ್ಮ ಫೋಟೋ ಬರುತ್ತೆ, ಸೋಮವಾರ ನನ್ನ ಕ್ಲಿನಿಕ್ ತುಂಬುತ್ತೆ. ಒಬ್ಬಳು ಬಂದು ಉಸಿರಾಡ್ಬಹುದಾ ಅಂತ ಕೇಳಿದ್ಲು.”

ಆ ಸಂಜೆ ಕನ್ನಡಕದಕ್ಕ ಮನೆಯಲ್ಲಿ ನಟಿಸಿ ತೋರಿಸಲಿಲ್ಲ. ಗಂಡ ಅದನ್ನು ಗಮನಿಸಿದ. “ಏನು?” ಎಂದ. ಆಕೆ ಹೇಳಿದಳು. ಅವನು “ಹೋಗೋಣ” ಎಂದ.

ಪತ್ರಿಕೆಯ ಕಚೇರಿಗೆ ಇಬ್ಬರೂ ಹೋದರು. ಲಿಫ್ಟ್ ಕೆಟ್ಟಿತ್ತು. ಗಂಡನ ಕಾಲು ಅಲ್ಲೇ ಅಂಟಿಕೊಂಡಿತು. ಲಿಫ್ಟಿನ ಬಾಗಿಲಿಗೆ ಕಿವಿಯಿಟ್ಟು, ಡಾಕ್ಟರು ರೋಗಿಯ ಎದೆ ಕೇಳುವ ಹಾಗೆ ಕೇಳುತ್ತ ನಿಂತುಬಿಟ್ಟ. ಆಕೆ ಒಬ್ಬಳೇ ಮೆಟ್ಟಿಲು ಹತ್ತಿದಳು.

ಆರೋಗ್ಯ ಪುಟ ನೋಡಿಕೊಳ್ಳುವ ಉಪಸಂಪಾದಕ ಸಣಕಲು ಯುವಕ. ಮೇಜಿನ ತುಂಬ ಕಾಗದದ ಗುಡ್ಡೆ, ಮೂಗಿನ ತುದಿಗೆ ಜಾರಿದ ಕನ್ನಡಕ, ಅದರ ಒಂದು ಕಡ್ಡಿಗೆ ಅಂಟುಪಟ್ಟಿ ಸುತ್ತಿದ್ದ. ಆಕೆಯನ್ನು ಕಂಡೊಡನೆ ಹಳೆಯ ಗೆಳತಿಯನ್ನು ಕಂಡಂತೆ ಎದ್ದುನಿಂತ.

“ಅರೆ! ನೀವು! ಬನ್ನಿ, ಕೂತ್ಕೊಳ್ಳಿ. ಹೆಚ್ಚು ಹೊತ್ತು ನಿಲ್ಬೇಡಿ.”

“ನಾನು ಬಸುರಿ ಅಲ್ಲ ಕಣ್ರೀ!”

“ಹೌದಲ್ವಾ, ಕ್ಷಮಿಸಿ. ದಿನಾ ನೋಡಿ ನೋಡಿ ಅಭ್ಯಾಸ ಆಗ್ಬಿಟ್ಟಿದೆ. ‘ಬಸುರಿ, ಆತಂಕ’ ಅಂತ ಹುಡುಕಿದ್ರೆ ಮೊದ್ಲು ಬರೋದು ನೀವೇ. ಎಷ್ಟು ಚೆನ್ನಾಗಿ ಹೆದರಿದ್ದೀರಿ!”

ಬೈಯಲೆಂದು ಬಂದಿದ್ದ ಆಕೆಗೆ ಅವನ ಜಾರುವ ಕನ್ನಡಕ ಅಡ್ಡ ಬಂತು. ಅವನು ಪ್ರತಿ ಮಾತಿಗೂ ಅದನ್ನು ಮೇಲೆ ತಳ್ಳುತ್ತಿದ್ದ, ಅದು ಪ್ರತಿ ಮಾತಿಗೂ ಇಳಿಯುತ್ತಿತ್ತು. ಕೊನೆಗೆ ತಡೆಯಲಾರದೆ “ಕೊಡಿ ಇಲ್ಲಿ” ಎಂದು ಕಿತ್ತುಕೊಂಡು, ಕೈಚೀಲದಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು ಮೂಗಿನ ಮೆತ್ತೆಯನ್ನು ಬಿಗಿಮಾಡುತ್ತಲೇ ಬೈಯತೊಡಗಿದಳು. ಕನ್ನಡಕವಿಲ್ಲದ ಅವನು ಏನೂ ಕಾಣದೆ, ಗೋಡೆಯ ಕಡೆ ತಿರುಗಿ ಬೈಗುಳ ಕೇಳಿಸಿಕೊಂಡ.

“ಕನ್ನಡಕದ ಲೇಪದಿಂದ ಮಗೂಗೆ ತೊಂದ್ರೆ ಅಂತ ನಿಮಗೆ ಹೇಳಿದ್ಯಾರು?”

“ಯಾವುದೋ ದೇಶದಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿದ್ರಂತೆ.”

“ಇಲಿಗಳಿಗೆ ಕನ್ನಡಕ ಹಾಕಿದ್ರಾ?”

“ಇಲ್ಲ ಇಲ್ಲ. ಲೇಪವನ್ನ ಪುಡಿ ಮಾಡಿ ತಿನ್ನಿಸಿದ್ರು.”

“ನಾವ್ಯಾರೂ ಕನ್ನಡಕ ತಿನ್ನಲ್ವಲ್ರೀ! ಹೋಗ್ಲಿ, ತಿಂದ ಇಲಿಗಳಿಗಾದ್ರೂ ಏನಾಯ್ತು?”

ಅವನು ಪೆಚ್ಚಾಗಿ ಗೋಡೆಗೆ ಉತ್ತರಿಸಿದ. “ಏನೂ ಆಗ್ಲಿಲ್ಲ. ಆದ್ರೆ ‘ಏನೂ ಆಗ್ಲಿಲ್ಲ’ ಅಂತ ಹೆಡ್ಡಿಂಗ್ ಕೊಟ್ರೆ ಯಾರು ಓದ್ತಾರೆ ಮೇಡಂ? ನಾನು ಮೊದ್ಲು ಆಟೋಟದ ಪುಟದಲ್ಲಿದ್ದೆ. ಅಲ್ಲಿ ದಿನಾ ಯಾರಾದ್ರೂ ಸೋಲ್ತಿದ್ರು, ಗೆಲ್ತಿದ್ರು. ಇಲ್ಲಿ ಏನೂ ಆಗೋದೇ ಇಲ್ಲ. ನಾವೇ ಆಗಿಸ್ಬೇಕು.”

ಆಕೆ ಗುದ್ದಿಕೊಂಡ ಹುಡುಗಿಯ ಕಥೆ ಹೇಳಿದಳು, ಬೆನ್ನಿಗೆ ಗುಂಡಿ ಹಾಕಿದ ಶರಟಿನ ಕಥೆ ಹೇಳಿದಳು, ಬಿಸ್ಕತ್ತಿನ ಕಥೆ ಹೇಳಿದಳು. ಕನ್ನಡಕ ಮರಳಿ ಮೂಗಿನ ಮೇಲೆ ಕೂತಾಗ ಅವನ ಕಣ್ಣು ಒದ್ದೆಯಾಗಿತ್ತು. ಬೈಗುಳಕ್ಕೋ, ಅಲುಗದೆ ಕೂತ ಕನ್ನಡಕದ ಸುಖಕ್ಕೋ ಹೇಳುವುದು ಕಷ್ಟ. “ತಪ್ಪಾಯ್ತು ಮೇಡಂ. ಈ ಭಾನುವಾರವೇ ತಿದ್ದುಪಡಿ ಹಾಕ್ತೀನಿ. ನೋಡ್ತಾ ಇರಿ” ಎಂದು ಮಾತು ಕೊಟ್ಟ. ಆಕೆ ಕೆಳಗಿಳಿದು ಬರುವ ಹೊತ್ತಿಗೆ ಲಿಫ್ಟ್ ಓಡುತ್ತಿತ್ತು. ಗಂಡ ಕೈ ಒರೆಸಿಕೊಳ್ಳುತ್ತ ನಿಂತಿದ್ದ.

ಮಾತಿಗೆ ತಪ್ಪದ ಹುಡುಗ. ಭಾನುವಾರ ತಿದ್ದುಪಡಿ ಬಂತು, ಅರ್ಧ ಪುಟದಷ್ಟು ದೊಡ್ಡದಾಗಿ. ಅತ್ತೆಯೇ ಓದಿ ಹೇಳಿದರು: “‘ಗರ್ಭಿಣಿಯರೇ, ಫೋಟೋ ತೆಗೆಸಿಕೊಳ್ಳುವ ಮುನ್ನ ಎಚ್ಚರ! ಈ ಮಹಿಳೆಗೆ ಆದದ್ದು ನಿಮಗೂ ಆಗಬಹುದು!’” ಕೆಳಗೆ ಅದೇ ಫೋಟೋ. ಈ ಸಲ ಕೆಂಪು ವೃತ್ತ ಆಕೆಯ ಮುಖದ ಸುತ್ತಲೇ ಇತ್ತು. ಕನ್ನಡಕದ ಲೇಪದಿಂದ ಏನೂ ತೊಂದರೆಯಿಲ್ಲ ಎಂಬ ಮಾತು ಪುಟದ ತಳದಲ್ಲಿ, ಹೊಸ ಕನ್ನಡಕ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿತ್ತು.

ಕನ್ನಡಕದಕ್ಕ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಅತ್ತೆಗೆ ಮಾತ್ರ ರೇಗಿತು. ಫೋನೆತ್ತಿ ಕಿರಿಮಗನನ್ನು ತರಾಟೆಗೆ ತೆಗೆದುಕೊಂಡರು. ಮೈದುನ ಓಡಿಬಂದ. ಏಜೆನ್ಸಿಯವರನ್ನು ಕೇಳಿದ್ದೇನೆ, ಆ ಫೋಟೋ ತೆಗೆದುಹಾಕುತ್ತಾರಂತೆ, ಬದಲಿಗೆ ಬೇರೆ ಕೆಲವು ಫೋಟೋ ಕೊಡಬೇಕಂತೆ ಎಂದ.

“ಎಂಥಾ ಫೋಟೋ?”

“ವಯಸ್ಸಾದೋರದ್ದು ಕಡಿಮೆ ಇದೆಯಂತೆ ಅಮ್ಮಾ.”

 ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. “ಸೊಸೆ ಮಾನ ಉಳಿಯುತ್ತೆ ಅಂದ್ರೆ ನಾನೇ ಬರ್ತೀನಿ. ಯಾವ ಸೀರೆ ಉಡ್ಲಿ?”

ಸ್ಟುಡಿಯೋದಲ್ಲಿ ಅತ್ತೆ ಸೊಸೆಯ ಹಾಗೆ ನಗಲಿಲ್ಲ. ಮಂಡಿ ಹಿಡಿದುಕೊಳ್ಳಿ ಎಂದರೆ ಹಿಡಿದುಕೊಂಡರು, ಹಣೆಗೆ ಬೆರಳಿಟ್ಟು ಯೋಚಿಸಿ ಎಂದರೆ ಯೋಚಿಸಿದರು. ಮಗನ ಕೆಲಸಕ್ಕೆ ನೆರವಾದೆನೆಂಬ ಹೆಮ್ಮೆಯಲ್ಲಿ ಮನೆಗೆ ಬಂದರು. ಕೆಲವು ವಾರ ಕಳೆದವು. ಒಂದು ಬೆಳಿಗ್ಗೆ ಮನೆ ನಡುಗುವಂಥ ಕೂಗು ಕೇಳಿ ಎಲ್ಲರೂ ಹೊರಗೆ ಓಡಿಬಂದರು.

ಪತ್ರಿಕೆಯಲ್ಲಿ ಅತ್ತೆ, ಹಣೆಗೆ ಬೆರಳಿಟ್ಟು ಕೂತಿದ್ದಾರೆ. ಮೇಲೆ ದಪ್ಪಕ್ಷರ: “ಇವರಿಗೆ ಮಕ್ಕಳ ಹೆಸರೂ ನೆನಪಿಲ್ಲ! ನಿಮಗೂ ಮರೆವಿನ ಕಾಯಿಲೆಯೇ?”

“ನನಗೆ ಮರೆವಾ? ನನಗಾ? ಎಕ್ಸ್‌ಚೇಂಜಿನ ಒಂದೊಂದು ನಂಬರೂ ಈಗ್ಲೂ ಬಾಯಲ್ಲಿದೆ ಕಣ್ರೋ!” ಎಂದು ಆಸ್ಪತ್ರೆ, ಅಗ್ನಿಶಾಮಕ, ಹತ್ತಿ ಗಿರಣಿ, ಎಂದೋ ಸತ್ತುಹೋದ ವಕೀಲರ ಮನೆ, ಎಲ್ಲರ ನಂಬರುಗಳನ್ನೂ ಒಂದೇ ಉಸಿರಿನಲ್ಲಿ ಒದರಿದರು. ಆಮೇಲೆ ಪತ್ರಿಕೆಯ ಕಚೇರಿಗೆ ಫೋನ್ ಮಾಡಿ ಅವರಿಗೂ ಒದರಿದರು. ಸಂಜೆಯಾದರೂ ಸಿಟ್ಟು ಇಳಿದಿರಲಿಲ್ಲ.

“ಅಲ್ಲ ಕಣೇ, ಹಾಗಾದ್ರೆ ಆ ಟೀ ವಿಷಯ, ಮೊಟ್ಟೆ ವಿಷಯ, ಅದೂ ಹೀಗೇ ಅನ್ನು.”

“ಇಷ್ಟು ವರ್ಷದಿಂದ ನಾನು ಹೇಳ್ತಿರೋದು ಅದನ್ನೇ ಅತ್ತೆ.”

“ನೀನು ಬಾಯಲ್ಲಿ ಹೇಳಿದ್ರೆ ನಂಬೋದು ಹೇಗೆ?” ಎಂದು ಅತ್ತೆ ಪತ್ರಿಕೆಯನ್ನು ಮಡಿಸಿ ಅಲುಗಾಡುತ್ತಿದ್ದ ಕಪಾಟಿನ ಕಾಲಡಿ ಇಟ್ಟರು.

ಶರಟಿನ ಹುಡುಗಿಗೆ ಹೆರಿಗೆಯಾಗಿ ಗಂಡು ಮಗು ಹುಟ್ಟಿದ ಸುದ್ದಿ ಬಂತು. ಅದಾಗಿ ಒಂದಷ್ಟು ಕಾಲಕ್ಕೆ ಕನ್ನಡಕದಕ್ಕನೇ ಮತ್ತೆ ಬಸುರಿಯಾದಳು. ಈ ಸಲ ನಿಜವಾಗಿ. ಏಜೆನ್ಸಿಯವರು ಮಾತಿನಂತೆ ಫೋಟೋ ತೆಗೆದುಹಾಕಿದ್ದರು. ಟೀವಿಯವರ ಬಳಿ ಹಳೆಯ ಪ್ರತಿ ಉಳಿದಿತ್ತೆಂದು ಕಾಣುತ್ತದೆ.

ಒಂದು ಸಂಜೆ ಆಕೆ ತರಕಾರಿ ಹೆಚ್ಚುತ್ತ ಕೂತಿದ್ದಾಗ ಢಂ ಢಂ ಎಂದು ಸದ್ದಾಯಿತು. ತಲೆಯೆತ್ತಿದರೆ ಎದುರಿಗೆ ತಾನೇ. “ಕೈಯನ್ನು ತಲೆಗಿಂತ ಮೇಲೆತ್ತಿದರೆ ಹೊಕ್ಕುಳಬಳ್ಳಿ ಮಗುವಿನ ಕುತ್ತಿಗೆಗೆ ಸುತ್ತಿಕೊಳ್ಳುವುದೇ? ತಾಯಂದಿರೇ, ಈ ಮುಖ ನೋಡಿ!” ನೋಡಿದಳು. ಅದು ಮೀನಖಂಡ ಹಿಡಿದುಕೊಂಡ ಮುಖ ಎಂಬುದು ಜಗತ್ತಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಕೆಗೆ ಗೊತ್ತು. ಆದರೂ ಚಾಕು ಕೆಳಗಿಟ್ಟು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಸುಳ್ಳು ಎಂದುಕೊಂಡಳು. ಸುಳ್ಳೇ ಇರಲಿ, ಎತ್ತದಿದ್ದರೆ ನಷ್ಟವೇನು ಎಂದೂ ಅಂದುಕೊಂಡಳು.

ಮರುದಿನ ಅಂಗಡಿಯಲ್ಲಿ ಮೇಲಿನ ಕಪಾಟಿನ ಫ್ರೇಮು ಕೇಳಿದವರಿಗೆಲ್ಲ “ಆ ಬಣ್ಣ ನಿಮಗೊಪ್ಪಲ್ಲ” ಎಂದಳು. ಒಬ್ಬ ಗಿರಾಕಿ ಅದೇ ಬೇಕೆಂದು ಹಟ ಹಿಡಿದ. ಯಜಮಾನರು ತಾವೇ ಸ್ಟೂಲು ಹತ್ತಿದರು, ಸ್ಟೂಲು ಜಾರಿತು, ಯಜಮಾನರು ಕಪಾಟಿಗೆ ಜೋತುಬಿದ್ದರು, ಫ್ರೇಮುಗಳೆಲ್ಲ ಗಿರಾಕಿಯ ತಲೆಯ ಮೇಲೆ ಸುರಿದವು. ಯಜಮಾನರು ಸೊಂಟ ಹಿಡಿದುಕೊಂಡು ಕೂತರು.

ಮನೆಯಲ್ಲಿ ತಂತಿಯ ಮೇಲಿನ ಬಟ್ಟೆ ಎರಡು ದಿನ ಹಾಗೇ ತೂಗಾಡಿತು. ಗಂಡ ಅದನ್ನು ನೋಡಿದ, ಹೆಂಡತಿಯನ್ನು ನೋಡಿದ.

“ಯಾಕೆ?”

“ಏನಿಲ್ಲ.” ಅವನು ಕದಲಲಿಲ್ಲ. ಆಕೆ ನೆಲ ನೋಡುತ್ತ ಹೇಳಿದಳು. “ಕೈ ಎತ್ತಬಾರ್ದಂತೆ. ಟೀವಿಲಿ ಹೇಳಿದ್ರು.”

 ಅವನು ತನ್ನ ಇಡೀ ವಾರದ ಮಾತನ್ನು ಒಟ್ಟಿಗೆ ಖರ್ಚು ಮಾಡಿದ. “ಆ ಫೋಟೋದಲ್ಲಿ ನಿನ್ನ ಎರಡೂ ಕೈ ಕೆಳಗೇ ಇವೆಯಲ್ಲ.”

ಒಳಗಿನಿಂದ ಅತ್ತೆಯ ನಗು ಸಿಡಿಯಿತು. ಬೀದಿಯ ಕೊನೆಯವರೆಗೂ ಕೇಳಿಸುವಂಥ ನಗು. “ಏನೇ, ನಿನ್ನ ಫೋಟೋ ನೋಡಿ ನೀನೇ ಹೆದ್ರಿದ್ಯಾ? ನನ್ನ ಫೋಟೋ ನೋಡಿ ನಾನು ನಿಮ್ಮ ಹೆಸರೆಲ್ಲ ಮರೆತುಬಿಟ್ಟಿದ್ರೆ?”

ಕನ್ನಡಕದಕ್ಕನಿಗೆ ನಾಚಿಕೆಯಾಯಿತು, ಅಳು ಬಂತು, ಕೊನೆಗೆ ನಗುವೂ ಬಂತು. ಕಣ್ಣೊರೆಸಿಕೊಂಡು ಹೇಳಿದಳು: “ನನಗೇ ಹೀಗಾಯ್ತಲ್ಲ ಅತ್ತೆ. ಆ ಹುಡುಗಿನ ನಾನು ಹುಚ್ಚಿ ಅಂದ್ಬಿಟ್ಟೆ.”

ಅತ್ತೆ ಹತ್ತಿರ ಬಂದು ಕೂತರು. ಮೊದಲ ಬಾರಿಗೆ ಸಣ್ಣ ದನಿಯಲ್ಲಿ ಮಾತಾಡಿದರು. “ಹೊಟ್ಟೇಲಿ ಮಗು ಇದ್ದಾಗ ಯಾರು ಏನಂದ್ರೂ ಹೆದರಿಕೆ ಆಗುತ್ತೆ. ನನಗೂ ಆಗ್ತಿತ್ತು. ಆಗ ಟೀವಿ ಇರ್ಲಿಲ್ಲ ಅಷ್ಟೇ, ನನ್ನ ಅತ್ತೆ ಇದ್ರು.”

ಮರುದಿನ ಕನ್ನಡಕದಕ್ಕ ಡಾಕ್ಟರಮ್ಮನನ್ನು ಕೇಳಿದಳು. ಡಾಕ್ಟರಮ್ಮ ಮೇಜಿನ ಮೇಲೆ ತಲೆಯಿಟ್ಟುಕೊಂಡರು. “ನೀವೂ ಶುರು ಮಾಡಿದ್ರಾ?” ಎಂದು ನರಳಿ, ಕೈ ಎತ್ತಬಹುದು, ಇಳಿಸಬಹುದು, ಬೇಕಾದರೆ ಬೀಸಬಹುದು, ಸ್ಟೂಲು ಮಾತ್ರ ಹತ್ತಬೇಡಿ, ದಣಿವಾದರೆ ಕೂತುಕೊಳ್ಳಿ ಎಂದರು. ಮನೆಗೆ ಬಂದವಳೇ ತಂತಿಯ ಬಟ್ಟೆಯನ್ನೆಲ್ಲ ಎರಡೂ ಕೈಯೆತ್ತಿ ಬಾಚಿ ತಂದಳು.

ಹೆರಿಗೆ ಸುಸೂತ್ರವಾಯಿತು. ಮತ್ತೊಂದು ಹೆಣ್ಣು. ನೋಡಲು ಬಂದ ಮೈದುನ ಕೈಚೀಲದಿಂದ ಕ್ಯಾಮೆರಾ ತೆಗೆಯುತ್ತಿದ್ದಂತೆಯೇ ವಾರ್ಡಿನ ಹೆಂಗಸರೆಲ್ಲ ಒಟ್ಟಿಗೆ ಮುಖದ ಮೇಲೆ ಹೊದಿಕೆ ಎಳೆದುಕೊಂಡರು. ಅವನು ಮಗುವಿನ ಪಾದದ ಫೋಟೋ ಒಂದನ್ನು, ಅದೂ ಅತ್ತಿಗೆಯ ಅಪ್ಪಣೆ ಪಡೆದು, ತೆಗೆದುಕೊಂಡು ಹೋದ.

ಕೆಲವು ತಿಂಗಳ ನಂತರ ಆಕೆ ಕೆಲಸಕ್ಕೆ ಮರಳಿದಾಗ ಅಂಗಡಿಯಲ್ಲಿ ಒಂದು ಬದಲಾವಣೆ ಕಂಡಳು. ಮೇಲಿನ ಕಪಾಟನ್ನು ಕಳಚಿ, ಎದೆಯ ಮಟ್ಟಕ್ಕೆ ಇಳಿಸಿ ಕೂರಿಸಿದ್ದರು. ಆಕೆ ಕೃತಜ್ಞತೆಯಿಂದ ಯಜಮಾನರತ್ತ ನೋಡಿದಳು.

“ನಿನಗೋಸ್ಕರ ಅಲ್ಲಮ್ಮಾ” ಎಂದರು ಯಜಮಾನರು, ಸೊಂಟದ ಪಟ್ಟಿಯನ್ನು ಸರಿಪಡಿಸಿಕೊಳ್ಳುತ್ತ. “ಹೋಗು, ಹಿಂದಿನ ಕೋಣೇಲಿ ಯಂತ್ರದಿಂದ ನೀರು ಸೋರ್ತಿದೆ.”

ಆಕೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು.